ಆಯಿಲ್ ಕುಡಿಯುವ ಬೈಕಿಗೆ ಮೂರು ಥರದ ಆಯಿಲ್ ಹಾಕಿ ನೋಡಿದೆ

ನನ್ನ ಬೈಕಿಗೆ 11 ವರ್ಷ. 150 ಸಿಸಿ, ಗಾಳಿಗೇ ತಣ್ಣಗಾಗುವ ಎಂಜಿನ್, ಓಡಿರುವುದು 70 ಸಾವಿರ ಚಿಲ್ಲರೆ ಕಿಲೋಮೀಟರ್. ಕಳೆದ ಯುಗಾದಿ ಹೊತ್ತಿಗೆ ಆಯಿಲ್ ಬದಲಿಸೋಣ ಅಂತ ಡ್ರೈನ್ ನಟ್ ಬಿಚ್ಚಿಸಿದೆ. ಹಾಕಿದ್ದು 1 ಲೀಟರ್, ಇಳಿದದ್ದು ಅರ್ಧ ಲೀಟರೂ ಇಲ್ಲ. ನೆಲದ ಮೇಲೆ ಒಂದು ಹನಿ ಬಿದ್ದ ಗುರುತೂ ಇರಲಿಲ್ಲ.

"ಗಾಡಿ ಆಯಿಲ್ ಕುಡೀತೈತೆ ಸಾರ್. ಟ್ವೆಂಟಿ ಫಿಫ್ಟಿ ಹಾಕ್ಸಿ, ಸರಿಹೋಗ್ತೈತೆ" ಅಂದರು ಮೆಕ್ಯಾನಿಕ್. ಅಂಗಡಿಯವರು ಫುಲ್ ಸಿಂಥೆಟಿಕ್ (ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಸಂಸ್ಕರಿಸಿ ತಯಾರಿಸಿದ ಆಯಿಲ್) ಡಬ್ಬಿ ಮುಂದಿಟ್ಟರು. ಗಾಡಿಯ ಪುಸ್ತಕದಲ್ಲಿ ಇದ್ದದ್ದು 20ಡಬ್ಲ್ಯೂ-40 (ಆಯಿಲ್ ಎಷ್ಟು ಮಂದ ಅಂತ ತಿಳಿಸುವ ಅಂಕಿ; ಮೆಕ್ಯಾನಿಕ್ ಹೇಳಿದ್ದು 20ಡಬ್ಲ್ಯೂ-50). ಯಾರ ಮಾತು ನಂಬೋದು? ಮೂರನ್ನೂ ಒಂದಾದ ಮೇಲೊಂದು ಹಾಕಿ, ತಲಾ 2 ಸಾವಿರ ಕಿಲೋಮೀಟರ್ ಓಡಿಸಿ, ಲೆಕ್ಕ ಬರೆದಿಟ್ಟೆ.

ಅಳೆಯುವ ವಿಷಯದಲ್ಲೇ ನಾನು ಮೊದಲು ಎಡವಿದ್ದೆ. ಈ ಗಾಡಿಯಲ್ಲಿ ಡಿಪ್‌ಸ್ಟಿಕ್ಕನ್ನು ತಿರುಗಿಸಿ ಬಿಗಿ ಮಾಡಬಾರದು, ಸುಮ್ನೆ ಒಳಗೆ ಇಳಿಬಿಟ್ಟು ತೆಗೆದು ನೋಡಬೇಕು. ಬಿಗಿ ಮಾಡಿದರೆ ಕಡ್ಡಿ ಇನ್ನೂ ಕೆಳಗೆ ಹೋಗಿ, ಇರೋದಕ್ಕಿಂತ ಜಾಸ್ತಿ ಆಯಿಲ್ ತೋರಿಸುತ್ತದೆ. ನಾನು ವರ್ಷಗಟ್ಟಲೆ ಹಾಗೇ ನೋಡಿ ನೆಮ್ಮದಿಯಾಗಿದ್ದೆ! ಈಗ ಪ್ರತಿ ಭಾನುವಾರ ಬೆಳಿಗ್ಗೆ ಡಬಲ್ ಸ್ಟ್ಯಾಂಡ್ ಹಾಕಿ, 3 ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ ಇನ್ನೊಂದು 3 ನಿಮಿಷ ಬಿಟ್ಟು ನೋಡುತ್ತೇನೆ. ಕಡಿಮೆಯಾದಷ್ಟನ್ನು ಮಗಳ ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳದಲ್ಲಿ ಅಳೆದು ಹಾಕುತ್ತೇನೆ. (ಆ ಮುಚ್ಚಳ ಈಗ ಮನೆಯೊಳಗೆ ಬರುವಂತಿಲ್ಲ.)

ಮೊದಲು 20ಡಬ್ಲ್ಯೂ-40 ಮಿನರಲ್ (ಕಚ್ಚಾ ತೈಲ ಶುದ್ಧ ಮಾಡಿದ ಸಾದಾ ಆಯಿಲ್), 380 ರೂಪಾಯಿ. ಬಳ್ಳಾರಿಯ ಏಪ್ರಿಲ್, ಮೇ ಬಿಸಿಲು. ಸಾವಿರ ಕಿಲೋಮೀಟರಿಗೆ ಸುಮಾರು 220 ಮಿಲಿ ಕುಡಿಯಿತು. ಹೊಸಪೇಟೆಗೆ ಹೋಗಿ ಬರುವಷ್ಟರಲ್ಲಿ ನ್ಯೂಟ್ರಲ್ ಸಿಗದೆ ಒದ್ದಾಟ.

ಮಳೆಗಾಲಕ್ಕೆ ಮೆಕ್ಯಾನಿಕ್ ಹೇಳಿದ 20ಡಬ್ಲ್ಯೂ-50. ಎಂಜಿನ್ನಿನ ಟಕಟಕ ಸದ್ದು ಮೊದಲ ದಿನವೇ ತಗ್ಗಿತು. ಕುಡಿತವೂ 140 ಮಿಲಿಗೆ ಇಳಿಯಿತು. ಗೆದ್ದೆ ಅಂದುಕೊಂಡೆ. ಆದರೆ ಪಿಕಪ್ ಮಂಕಾಯಿತು, ಮೈಲೇಜ್ 47ರಿಂದ 45ಕ್ಕೆ ಬಂತು. ಬಿಸಿಲು ಕಡಿಮೆಯಾದದ್ದೂ ಆ 140ಕ್ಕೆ ಸಹಾಯ ಮಾಡಿದೆ, ಪೂರ್ತಿ ಶ್ರೇಯ ಆಯಿಲಿಗೆ ಕೊಡೋಕಾಗಲ್ಲ. ಮುಖ್ಯವಾಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ಬರುವ ನೀಲಿ ಹೊಗೆ, ಅಂದರೆ ಆಯಿಲ್ ಸುಡುತ್ತಿರುವ ಗುರುತು, ಹಾಗೇ ಇತ್ತು.

ಮೂರನೆಯದು 10ಡಬ್ಲ್ಯೂ-40 ಫುಲ್ ಸಿಂಥೆಟಿಕ್, 850 ರೂಪಾಯಿ. ಗೇರ್ ಬೆಣ್ಣೆ. ಹೊಸಪೇಟೆಯಿಂದ ಬಂದ ಮೇಲೂ ನ್ಯೂಟ್ರಲ್ ಒಂದೇ ಸಲಕ್ಕೆ. ಆದರೆ ಕುಡಿದದ್ದು 260 ಮಿಲಿ! ಸಾಲದ್ದಕ್ಕೆ ಕ್ಲಚ್ ಕವರಿನ ಪ್ಯಾಕಿಂಗ್ ಸುತ್ತ ಒದ್ದೆ ಒದ್ದೆ. ಅಲ್ಲಿ ಗಟ್ಟಿಯಾಗಿ ಕೂತಿದ್ದ ಹಳೆ ಕೊಳೆಯೇ ಇಷ್ಟು ದಿನ ಆಯಿಲ್ ತಡೆದಿತ್ತು, ಹೊಸ ಆಯಿಲ್ ಅದನ್ನು ತೊಳೆದುಬಿಟ್ಟಿದೆ ಅಂತ ಮೆಕ್ಯಾನಿಕ್ ನಕ್ಕರು. ಇನ್ನೊಂದು ಮಾತು. ಡಬ್ಲ್ಯೂ ಅಂದರೆ ವಿಂಟರ್. ಅದಕ್ಕೆ ಮೊದಲಿರುವ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದಕ್ಕೆ, ಆಮೇಲಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಅನ್ನೋದಕ್ಕೆ. ನಮ್ಮೂರಲ್ಲಿ ಇರೋದೇ ಬೇಸಿಗೆ ಮತ್ತು ಬಿರುಬೇಸಿಗೆ. 20 ಇದ್ದದ್ದು 10 ಆದರೆ ನನಗೇನು ಲಾಭ?

ಅಷ್ಟೊತ್ತಿಗೆ ಒಂದು ಗೊತ್ತಾಗಿತ್ತು. ಹೊಗೆ ಬರುತ್ತಿದ್ದದ್ದು ಬೆಳಿಗ್ಗೆ ಮೊದಲ ಸ್ಟಾರ್ಟಿಗೆ, ಒಂದೇ ಒಂದು ಉಸಿರು, ಆಮೇಲೆ ಸ್ವಚ್ಛ. ಓಡುವಾಗ, ಆಕ್ಸಿಲರೇಟರ್ ತಿರುಗಿಸಿದಾಗಲೆಲ್ಲ ಬಂದಿದ್ದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ ಪಡಬೇಕಿತ್ತು, ಖರ್ಚೂ ದೊಡ್ಡದು. ರಾತ್ರಿಯೆಲ್ಲ ನಿಂತಾಗ ಸಿಲಿಂಡರಿಗೆ ಇಳಿದ ಆಯಿಲ್ ಬೆಳಿಗ್ಗೆ ಸುಟ್ಟು ಹೋಗುತ್ತಿದ್ದರೆ ತಪ್ಪು ಹೆಚ್ಚಾಗಿ ವಾಲ್ವ್ ಸೀಲಿನದು (ವಾಲ್ವ್ ಕಡ್ಡಿಯ ಸುತ್ತ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್). ಬಿಚ್ಚಿಸಿದೆ. ಮೆತ್ತಗಿರಬೇಕಾದ ರಬ್ಬರ್ ಸೀಲು ಉಗುರಲ್ಲಿ ಒತ್ತಿದರೆ ಪ್ಲಾಸ್ಟಿಕ್ಕಿನ ಹಾಗೆ ಟಕ್ ಅಂತ ಮುರಿಯಿತು. ಎರಡೂ ಸೀಲು, ಹೆಡ್ ಪ್ಯಾಕಿಂಗು, ಕ್ಲಚ್ ಕವರಿನ ಪ್ಯಾಕಿಂಗು ಹೊಸವು ಬಿದ್ದವು.

ಆಮೇಲೆ ಮತ್ತೆ ಅದೇ 380 ರೂಪಾಯಿಯ 20ಡಬ್ಲ್ಯೂ-40. ಸಾವಿರ ಕಿಲೋಮೀಟರಿಗೆ ಈಗ 30 ಮಿಲಿ. ಹಾಗಾಗಿ ನನ್ನ ಓಟು ಇದಕ್ಕೇ, 2,500 ಕಿಲೋಮೀಟರಿಗೆ ಬದಲಿಸುತ್ತೇನೆ. ದಿನಾ ದೂರ ಓಡಿಸುವವರಾದರೆ, ಸೀಲುಗಳೂ ಚೆನ್ನಾಗಿದ್ದರೆ, ಸಿಂಥೆಟಿಕ್ಕಿಗೆ ದುಡ್ಡು ಹಾಕಿ, ಆ ಗೇರಿನ ಸುಖ ನಿಜ. ಟ್ವೆಂಟಿ ಫಿಫ್ಟಿ ಮಾತ್ರ ನನಗೆ ಬೇಡ. ರೋಗ ಮುಚ್ಚಿಟ್ಟು ಆರು ತಿಂಗಳು ಮುಂದೂಡುತ್ತಿತ್ತು, ಅಷ್ಟೇ.

ಯಾವುದೇ ಡಬ್ಬಿ ತಗೊಂಡರೂ ಬೈಕಿಗಾದರೆ ಹಿಂಬದಿಯಲ್ಲಿ ಜಾಸೊ ಎಂಎ ಅಥವಾ ಎಂಎ2 (ಬೈಕಿನ ಕ್ಲಚ್ ಜಾರದಂಥ ಆಯಿಲ್ ಅನ್ನೋ ಗುರುತು) ಅಂತ ಇದೆಯಾ ನೋಡಿ. ಬೈಕಿನ ಕ್ಲಚ್ ಅದೇ ಆಯಿಲಲ್ಲಿ ಮುಳುಗಿರುತ್ತದೆ ಅಲ್ವಾ. ನನ್ನ ಭಾವಮೈದ ಕಾರಿಗೆ ಹಾಕಿ ಉಳಿದ 0ಡಬ್ಲ್ಯೂ-20 ಆಯಿಲನ್ನು ಬೈಕಿಗೆ ಸುರಿದ. ಸಂಡೂರಿನ ಏರಿನಲ್ಲಿ ಕ್ಲಚ್ ಜಾರಿ ಎಂಜಿನ್ ಕಿರುಚುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ನನ್ನ ಹತ್ತಿರ ಉಳಿದ ಟ್ವೆಂಟಿ ಫಿಫ್ಟಿ ಗೇಟಿನ ತಿರುಗಣಿಗೆ ಹೋಯಿತು, ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.