ರೋಗಿಯ ದಾಖಲೆಗೆ ಯಾವುದು ಸರಿ: ಬರೀ ಟೈಪಿಂಗ್, ಐಸಿಡಿ-10, ಸ್ನೋಮೆಡ್ ಸಿಟಿ

ಒಂದಿಷ್ಟು ಕೇಸ್ ಶೀಟ್‌ಗಳನ್ನು ಮೂರೂ ರೀತಿಯಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಡಾಕ್ಟರ್ ಬರೆಯುವಾಗ ಸ್ನೋಮೆಡ್ ಸಿಟಿಯೇ (ರೋಗ, ಅಲರ್ಜಿ ಹೀಗೆ ಒಂದೊಂದಕ್ಕೂ ನಂಬರ್ ಕೊಟ್ಟ ವೈದ್ಯಕೀಯ ಪದಗಳ ಪಟ್ಟಿ) ಇರಬೇಕು. ಐಸಿಡಿ-10 (ರೋಗಗಳನ್ನು ಗುಂಪುಗುಂಪಾಗಿ ವಿಂಗಡಿಸಿ ಕೋಡ್ ಕೊಟ್ಟ ಪಟ್ಟಿ) ಆಮೇಲೆ ಯಾವ ರೋಗ ಎಷ್ಟು ಜನಕ್ಕೆ ಅಂತ ಲೆಕ್ಕ ಹಾಕುವುದಕ್ಕೆ.

ಬರೀ ಟೈಪ್ ಮಾಡುವುದು ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಆದರೆ ಆಮೇಲೆ 'ಡಯಾಬಿಟಿಸ್' ಅಂತ ಹುಡುಕಿದರೆ 'ಡಯಾಬಿಟಿಸ್ ಇಲ್ಲ' ಅಂತ ಬರೆದಿದ್ದೂ ಬರುತ್ತದೆ, 'ತಂದೆಗೆ ಡಯಾಬಿಟಿಸ್ ಇತ್ತು' ಅನ್ನೋದೂ ಬರುತ್ತದೆ, 'ಡಿಎಂ' ಅಂತ ಚುಟುಕಾಗಿ ಬರೆದದ್ದು ಮಾತ್ರ ಸಿಗುವುದೇ ಇಲ್ಲ.

ಐಸಿಡಿ-10 ವಿಶ್ವ ಆರೋಗ್ಯ ಸಂಸ್ಥೆಯದು, 1990ರಲ್ಲಿ ಒಪ್ಪಿಗೆ ಪಡೆದದ್ದು. ಟೈಪ್ 2 ಡಯಾಬಿಟಿಸ್‌ಗೆ ಇ11, ಬಿಪಿಗೆ ಐ10, ಬೇಗ ಬಾಯಿಗೆ ಬರುತ್ತದೆ. ಇಲ್ಲಿ ಒಂದು ರೋಗಕ್ಕೆ ಒಂದೇ ಜಾಗ. ಎಣಿಸುವಾಗ ಒಬ್ಬರೇ ಎರಡು ಸಲ ಲೆಕ್ಕಕ್ಕೆ ಬರಬಾರದು ಅಲ್ವಾ, ಅದಕ್ಕೆ. ತೊಡಕಾಗಿದ್ದೂ ಇದೇ. ಶ್ವಾಸಕೋಶದ ಕಾಯಿಲೆಯವರನ್ನೆಲ್ಲ ತೆಗೆಯೋಣ ಅಂತ ಉಸಿರಾಟದ ರೋಗಗಳಿಗಿರುವ ಜೆ ಕೋಡ್‌ಗಳನ್ನು ಕೇಳಿದರೆ ಶ್ವಾಸಕೋಶದ ಕ್ಷಯ ಇರುವವರು ಒಬ್ಬರೂ ಬರಲಿಲ್ಲ. ಅವರು ಸೋಂಕು ರೋಗಗಳ ಅಧ್ಯಾಯದಲ್ಲಿ, ಎ15, ಎ16ರ ಕೆಳಗೆ ಇದ್ದರು.

ಅದೇ ಪ್ರಶ್ನೆಗೆ ಸ್ನೋಮೆಡ್‌ನಲ್ಲಿ ಬಂದರು. ಅಲ್ಲಿ ಆ ಕ್ಷಯ ಸೋಂಕಿನ ಕೆಳಗೂ ಇದೆ, ಶ್ವಾಸಕೋಶದ ಕೆಳಗೂ ಇದೆ. ಹಾರ್ಟ್ ಅಟ್ಯಾಕ್ ಅಂದರೂ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಅಂದರೂ ನಂಬರ್ ಒಂದೇ, 22298006. ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅಲರ್ಜಿ. ಐಸಿಡಿ-10ರಲ್ಲಿ ಪೆನಿಸಿಲಿನ್ ಅಲರ್ಜಿಗೆ ಜೆಡ್88.0 ಅಂತ ಇದೆ, ಅಷ್ಟೇ, ಆ ಗುಂಪಿನ ಯಾವ ಔಷಧಿ ಅಂತ ಗೊತ್ತಾಗುವುದಿಲ್ಲ. ಸ್ನೋಮೆಡ್‌ನಲ್ಲಿ ಅಮಾಕ್ಸಿಸಿಲಿನ್ ಅಲರ್ಜಿ ಅಂತಲೇ ದಾಖಲಿಸಬಹುದು, ಅದು ಪೆನಿಸಿಲಿನ್ ಅಲರ್ಜಿಯ ಒಂದು ಬಗೆ ಅನ್ನುವುದೂ ಅದರೊಳಗೇ ಇರುತ್ತದೆ, ಹಾಗಾಗಿ ಬೇರೊಂದು ಆಸ್ಪತ್ರೆಯಲ್ಲಿ ಅದೇ ಗುಂಪಿನ ಇನ್ನೊಂದು ಔಷಧಿ ಬರೆಯಹೊರಟರೂ ಸಾಫ್ಟ್‌ವೇರ್ ತಡೆದು ಎಚ್ಚರಿಸಬಹುದು. ಇದು ಜೀವದ ಪ್ರಶ್ನೆ.

ಕಷ್ಟವೂ ಇದೆ. 3,50,000ಕ್ಕೂ ಜಾಸ್ತಿ ಕೋಡ್‌ಗಳು. ಪೂರ್ತಿ ಪಟ್ಟಿ ಮುಂದಿಟ್ಟರೆ ಡಾಕ್ಟರ್ ರೋಗಿಯ ಮುಖ ನೋಡುವುದು ಬಿಟ್ಟು ಸ್ಕ್ರೀನ್ ನೋಡುತ್ತಾ ಕೂರಬೇಕಾಗುತ್ತದೆ. ಆಯಾ ವಿಭಾಗಕ್ಕೆ ಚಿಕ್ಕ ಪಟ್ಟಿ ಮಾಡಿಕೊಡದೆ ಶುರು ಮಾಡಲೇಬೇಡಿ. ಟೈಪ್ ಮಾಡುವ ಜಾಗವನ್ನೂ ತೆಗೆಯಬೇಡಿ, ರೋಗಿ ಹೇಳಿದ್ದೆಲ್ಲ ಕೋಡ್‌ನಲ್ಲಿ ಹಿಡಿಸುವುದಿಲ್ಲ.

ಲ್ಯಾಬ್ ಟೆಸ್ಟ್‌ಗಳಿಗೆ ಲೋಯಿಂಕ್ ಅನ್ನುವ ಬೇರೆ ಕೋಡ್ ಪಟ್ಟಿ ಬಳಸಿ. ಕೆಲವು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆಗೆ ಅಲ್ಲಿ 4548-4.

ಸ್ನೋಮೆಡ್‌ನಿಂದ ಐಸಿಡಿ-10ಕ್ಕೆ ಸಿದ್ಧ ಮ್ಯಾಪ್ (ಇದರ ಯಾವ ಕೋಡ್‌ಗೆ ಅದರ ಯಾವ ಕೋಡ್ ಅನ್ನುವ ಪಟ್ಟಿ) ಸಿಗುತ್ತದೆ, ಕೋಡಿಂಗ್ ಮಾಡುವವರು ಅದನ್ನು ಒಮ್ಮೆ ಪರೀಕ್ಷಿಸಿ ಲೆಕ್ಕಕ್ಕೆ ಕಳಿಸಬಹುದು. ಐಸಿಡಿಯಲ್ಲಿ ಬರೆದಿಟ್ಟು ಆಮೇಲೆ ಸ್ನೋಮೆಡ್‌ಗೆ ತಿರುಗಿಸುತ್ತೇವೆ ಅಂದರೆ ಆಗದು. ಬರೆಯುವಾಗಲೇ ಬಿಟ್ಟುಹೋದ ವಿವರ ಎಲ್ಲಿಂದ ಬರಬೇಕು?