ರಸ್ತೆ ಸೆಕ್ಷನ್ ರೆಂಡರ್ ಮಾಡಿಸುವವರೇ, ಮಣ್ಣಿನ ಕೆಳಗಿನ ಭಾಗ ಮೊದಲು ನೋಡಿ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸ್ವಲ್ಪ ಹಿಂದೆ ಮುಂದೆ ಆಗಬಹುದು. ಒಂದು ರೆಂಡರಿಂಗ್ ಸ್ಟುಡಿಯೋದವರಿಗೆ, ಅಂದರೆ ಡ್ರಾಯಿಂಗ್ ನೋಡಿ ನಿಜದಂತೆ ಕಾಣುವ ಚಿತ್ರ ಮಾಡಿಕೊಡುವವರಿಗೆ, ರಸ್ತೆಯ ಅಡ್ಡ ಸೆಕ್ಷನ್ (ರಸ್ತೆಯನ್ನು ಅಡ್ಡಕ್ಕೆ ಸೀಳಿದರೆ ಕಾಣುವ ಚಿತ್ರ) ಮಾಡಲು ಕೊಟ್ಟಿದ್ದೆವು. ಮೇಲೆ ಫುಟ್‌ಪಾತ್, ಮರ, ಸೈಕಲ್ ಟ್ರ್ಯಾಕ್. ಕೆಳಗೆ ನೀರು, ಒಳಚರಂಡಿ, ಮಳೆನೀರು, ಗ್ಯಾಸ್, ಕರೆಂಟು, ಕೇಬಲ್. ಈ ಪೈಪು, ಕೇಬಲ್‌ಗಳ ನಕ್ಷೆ, ಅಂದರೆ ಯುಟಿಲಿಟಿ ಡ್ರಾಯಿಂಗ್ ಕೊಟ್ಟಿದ್ದೆವು. ಆಳ, ವ್ಯಾಸ, ಬಣ್ಣ ಎಲ್ಲ ಅದರಲ್ಲೇ ಇತ್ತು. ಅಡ್ವಾನ್ಸ್ ಕೂಡ ಹೋಗಿತ್ತು.

ಪ್ರತಿ ಡ್ರಾಫ್ಟಿನಲ್ಲೂ ಡಾಂಬರಿನ ಕೆಳಗೆ ಬರೀ ಕಂದು ಬಣ್ಣ. ಕೇಳಿದರೆ, "ಅದು ಲಾಸ್ಟ್‌ಗೆ ಹಾಕ್ತೀವಿ ಸರ್, ಮೂಡ್ ಮೊದಲು ಓಕೆ ಮಾಡಿ." ಮೂಡ್ ಅಂದರೆ ಬೆಳಕು, ಬಣ್ಣ, ಒಟ್ಟು ನೋಟ. ಫೈನಲ್ ಫೈಲ್ ಬಂದದ್ದು ಪ್ರೆಸೆಂಟೇಶನ್ ಶುರುವಾಗುವ ಹೊತ್ತಿಗೆ. ನೇರ ಸ್ಕ್ರೀನಿಗೆ ಹೋಯಿತು.

ಮೀಟಿಂಗಿನಲ್ಲಿದ್ದ ನೀರು ಸರಬರಾಜು ಎಂಜಿನಿಯರ್ ಸುಮ್ಮನೆ ನೋಡುತ್ತಿದ್ದರು. ಆಮೇಲೆ ಕೇಳಿದರು: "ಈ ಮ್ಯಾನ್‌ಹೋಲ್ ಎಲ್ಲಿಗೆ ಹೋಗುತ್ತೆ?" ನೋಡಿದರೆ ಎಲ್ಲಿಗೂ ಹೋಗುವುದಿಲ್ಲ! ಮುಚ್ಚಳ ಇದೆ, ಗುಂಡಿ ಇದೆ, ತಳದಲ್ಲಿ ಪೈಪೇ ಇಲ್ಲ, ಮಣ್ಣು. ಫುಟ್‌ಪಾತ್ ಅಂಚಿನ ಮಳೆನೀರಿನ ಜಾಲರಿಯದೂ ಅದೇ ಕಥೆ. ಅದಕ್ಕಿಂತ ಕೆಟ್ಟದ್ದು, ಒಳಚರಂಡಿ ಪೈಪು ಕುಡಿಯುವ ನೀರಿನ ಪೈಪಿನ ಮೇಲೆಯೇ ಕೂತಿತ್ತು. ಸೋರಿದರೆ ಕೊಳಚೆ ಎಲ್ಲಿಗೆ ಇಳಿಯುತ್ತೆ ಹೇಳಿ. ಅಮೆರಿಕದ ಟೆನ್ ಸ್ಟೇಟ್ಸ್ ಸ್ಟ್ಯಾಂಡರ್ಡ್ಸ್ ಅನ್ನುವ ನೀರು, ಒಳಚರಂಡಿ ಮಾನದಂಡಗಳಲ್ಲಿ ಇವೆರಡಕ್ಕೂ ಅಕ್ಕಪಕ್ಕ 10 ಅಡಿ, ದಾಟುವ ಕಡೆ ಮೇಲೆ ಕೆಳಗೆ 18 ಇಂಚು ಅಂತರ ಕೇಳುತ್ತಾರೆ. ಇವರ ಚಿತ್ರದಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಬಣ್ಣಕ್ಕೆ ಎಪಿಡಬ್ಲ್ಯುಎ (ಅಮೆರಿಕದ ಸಾರ್ವಜನಿಕ ಕಾಮಗಾರಿ ಸಂಘ) ಪಟ್ಟಿ ಕೊಟ್ಟಿದ್ದೆವು: ನೀರಿಗೆ ನೀಲಿ, ಒಳಚರಂಡಿಗೆ ಹಸಿರು, ಗ್ಯಾಸಿಗೆ ಹಳದಿ, ಕರೆಂಟಿಗೆ ಕೆಂಪು. ಎಲ್ಲಕ್ಕೂ ತಿಳಿ ಗುಲಾಬಿ ಬಳಿದಿದ್ದಾರೆ, ಕಾಂಬಿನೇಷನ್ ಚೆನ್ನಾಗಿ ಕಾಣುತ್ತಂತೆ. ಯಾರೋ ನಕ್ಕರು. ನನಗೆ ಎಲ್ಲಾದರೂ ಎದ್ದು ಹೋಗಿಬಿಡೋಣ ಅನ್ನಿಸಿತು.

ವಾಪಸ್ ಬಂದು ಅವರದೇ ಹಳೆಯ ಕೆಲಸಗಳನ್ನು ತೆಗೆದು ನೋಡಿದೆ. ಬೇರೆ ಯಾವುದೋ ಚೌಕದ ಚಿತ್ರ. ಅದರ ಬಲಗಡೆ ಮೂರು ಕವಲಿನ ಬೇರು, ಪಕ್ಕದಲ್ಲಿ ಬಾದಾಮಿ ಆಕಾರದ ಕಲ್ಲು. ನಮ್ಮದರಲ್ಲೂ ಅದೇ ಬೇರು, ಅದೇ ಕಲ್ಲು, ಎಡಗಡೆಗೆ. ಹಳೇ ಮಣ್ಣನ್ನೇ ತಿರುಗಿಸಿ ಅಂಟಿಸಿದ್ದಾರೆ! ನಮ್ಮ ಡ್ರಾಯಿಂಗ್ ತೆರೆದೇ ಇಲ್ಲ ಅಂತ ಆಗ ಗೊತ್ತಾಯಿತು.

ಫೋನ್ ಮಾಡಿದೆ. "ಸರ್, ಇದು ಬರೀ ಇಲಸ್ಟ್ರೇಶನ್. ಮಣ್ಣಿನ ಕೆಳಗೆ ಯಾರು ನೋಡ್ತಾರೆ?" ಅಲ್ಲ ಸ್ವಾಮಿ, ಅದನ್ನು ನೋಡಲಿ ಅಂತಲೇ ಅಲ್ವಾ ರಸ್ತೆ ಸೀಳಿ ತೋರಿಸಿ ಅಂದದ್ದು? ಸರಿಮಾಡಿಕೊಡಿ ಅಂದರೆ, "ಪೈಪ್ ಜರುಗಿಸೋದು ಹೊಸ ರೆವಿಷನ್, ಎಕ್ಸ್‌ಟ್ರಾ ಆಗುತ್ತೆ." ಚಿತ್ರ ತೆಗೆದ 3ಡಿ ಮಾಡೆಲ್ ಫೈಲಾದರೂ ಕೊಡಿ ಅಂದೆ. "ಅದನ್ನ ಯಾರಿಗೂ ಕೊಡಲ್ಲ ಸರ್." ಕೊಡಲು ಮಾಡೆಲ್ ಇದ್ದರೆ ತಾನೇ! ಚಿತ್ರದಲ್ಲಿ ಪೈಪು ಬರೀ ಬ್ರಷ್‌ನಲ್ಲಿ ಎಳೆದದ್ದು, ಜೂಮ್ ಮಾಡಿದರೆ ಅಂಚು ಕಲಸಿಹೋಗಿದೆ.

ನೀವು ಮಾಡಿಸುವುದಾದರೆ, ಟೆಕ್ಸ್ಚರ್ ಗಿಕ್ಸ್ಚರ್ ಆಮೇಲೆ. ಮೊದಲು ಸ್ಕೇಲಿಗೆ ಸರಿಯಾಗಿ ಬರೀ ಗೆರೆಯ ಸೆಕ್ಷನ್ ತರಿಸಿಕೊಳ್ಳಿ, ಪ್ರತಿ ಪೈಪಿಗೂ ಹೆಸರು, ಆಳ ಬರೆಸಿ, ಎಂಜಿನಿಯರ್‌ಗೆ ತೋರಿಸಿ. ಡ್ರಾಯಿಂಗಿಗೆ ಹೊಂದದ ಪೈಪು ಸರಿಮಾಡುವುದು ರೆವಿಷನ್ ಅಲ್ಲ ಅಂತ ಒಪ್ಪಂದದಲ್ಲೇ ಬರೆಸಿ. "ಮೂಡ್ ಮೊದಲು" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ನಿನ್ನೆ ಮತ್ತೆ ಮೆಸೇಜ್ ಬಂದಿದೆ, ಬಾಕಿ ಹಣ ಯಾವಾಗ ಹಾಕ್ತೀರಿ ಅಂತ. ಹಾಕುವುದಿಲ್ಲ.