ಕೌನ್ಸೆಲಿಂಗ್‌ಗೆ ಕೂರುವ ಮೊದಲು ನೋಂದಣಿ ನಂಬರ್ ಕೇಳಿ

ದಾವಣಗೆರೆಯಲ್ಲಿ ಒಳ್ಳೆ ಕೌನ್ಸೆಲರ್ ಯಾರಿದ್ದಾರೆ ಅಂತ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಂಗಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಆ ಕೌನ್ಸೆಲರ್ ಹೆಸರು ಹಾಕುವುದಿಲ್ಲ, ಕೇಸು ಇನ್ನೂ ನಡೀತಿದೆ.

ತಂಗಿ ಬಾಣಂತನಕ್ಕೆ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದಿದ್ದಳು. ನಿದ್ದೆ ಇಲ್ಲ, ಸುಮ್ಸುಮ್ನೆ ಅಳು, ಎದೆ ಡವಡವ. ಪರಿಚಯದವರು ಹೇಳಿದರು ಅಂತ ಒಬ್ಬ ಕೌನ್ಸೆಲರ್ ಹತ್ತಿರ ಹೋಗತೊಡಗಿದಳು. ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟು. ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕ, ಬಂದವರ ಹೆಸರು, ಊರು, ತೊಂದರೆ ಎಲ್ಲಾ ಸಾಲಾಗಿ ಅದರಲ್ಲೇ ಬರೆಯೋದು, ಎದುರು ಕೂತವರಿಗೆ ಹಿಂದಿನವರದ್ದು ಕಾಣೋ ಹಾಗೆ. ಫೀಸು ತಗೊಳ್ಳೋ ಹುಡುಗಿಯೂ ಅದನ್ನೇ ತಿರುವಿ ನೋಡುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ಗಂಡನ ಕಡೆಯಿಂದ ವಕೀಲರ ನೋಟಿಸ್ ಬಂತು. ವಿಚ್ಛೇದನ, ಜೊತೆಗೆ ಮಗುವೂ ಬೇಕು. ಅದರಲ್ಲಿ ಒಂದು ಸಾಲು: 'ಮಗು ಅತ್ತರೆ ಬಿಟ್ಟು ಓಡಿಹೋಗುವ ಮನಸ್ಥಿತಿಯವಳು.' ತಂಗಿ ಹೇಳಿದ್ದು ಬೇರೆ. ರಾತ್ರಿಯೆಲ್ಲಾ ಮಗು ಅತ್ತಾಗ ಎದ್ದು ಎಲ್ಲಾದರೂ ಹೋಗಿಬಿಡೋಣ ಅನ್ನಿಸುತ್ತೆ ಸರ್, ಅಂದಿದ್ದಳು. ಅಮ್ಮನಿಗೂ ಹೇಳಿರಲಿಲ್ಲ, ಆ ರೂಮಿನಲ್ಲಿ ಮಾತ್ರ ಹೇಳಿದ್ದು. ನೋಟಿಸ್ ಹಿಡಿದುಕೊಂಡು ಅವಳು ಕೇಳಿದ್ದು ಒಂದೇ, 'ಅಣ್ಣಾ, ಇದು ಅವರಿಗೆ ಹೇಗೆ ಗೊತ್ತಾಯ್ತು?'

ಆ ಕೌನ್ಸೆಲರ್ ಹತ್ತಿರ ಹೋಗಿ ಕೇಳಿದೆ. ಮುಚ್ಚಿಡಲೂ ಇಲ್ಲ ಆತ. 'ಹುಡುಗನ ತಂದೆ ನಮ್ಮವರೇ, ಫೋನ್ ಮಾಡಿದ್ರು, ಸಂಸಾರ ಸರಿಹೋಗ್ಲಿ ಅಂತ ಹೇಳ್ದೆ ಕಣಪ್ಪ' ಅಂದ. ಕಾನೂನಿನ ಮಾತೆತ್ತಿದರೆ, 'ನಾನೇನು ಡಾಕ್ಟ್ರಲ್ಲ, ಆ ಕಾಯ್ದೆ ನನಗೆ ಅನ್ವಯ ಆಗಲ್ಲ' ಅಂದ. ನನಗೆ ಮೈಯೆಲ್ಲಾ ಉರಿದುಹೋಯಿತು. ಫೀಸು ತಗೊಳ್ಳುವಾಗ ತಜ್ಞ, ಪ್ರಶ್ನೆ ಕೇಳಿದಾಗ ಊರ ಹಿರಿಯ!

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗುಟ್ಟು ಕಾಪಾಡಲೇಬೇಕು ಅನ್ನುತ್ತದೆ. ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ, ಕೋರ್ಟು ಕೇಳಿದರೆ, ಹೀಗೆ ಕೆಲವೇ ವಿನಾಯಿತಿಗಳಿವೆ. ಮಾವ ಫೋನ್ ಮಾಡಿದ ಅನ್ನೋದು ಅದರಲ್ಲಿಲ್ಲ. ಆದರೆ ಈ ಕರ್ತವ್ಯ ಇರೋದು ಆರೋಗ್ಯ ವೃತ್ತಿಪರರ ಮೇಲೆ. ಹಾಗಾಗಿಯೇ ನೋಂದಣಿ ಮುಖ್ಯ. ನೋಂದಣಿ ಇದ್ದವರೆಲ್ಲಾ ಒಳ್ಳೆಯವರು ಅಂತಲ್ಲ, ತಪ್ಪು ಮಾಡಿದರೆ ದೂರು ಕೊಡೋಕೆ ಒಂದು ಜಾಗ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು 1992ರ ಕಾಯ್ದೆ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರಿರಬೇಕು. ಅವರಿಗೆ ಸಿಆರ್‌ಆರ್ ನಂಬರ್, ಅಂದರೆ ಆ ಪರಿಷತ್ತಿನ ನೋಂದಣಿ ನಂಬರ್ ಇರುತ್ತದೆ. ಮನೋವೈದ್ಯರಾದರೆ ಮೆಡಿಕಲ್ ಕೌನ್ಸಿಲ್ ನಂಬರ್. ಕೇಳಿ, ಸಂಕೋಚ ಬೇಡ. ನಂಬರ್ ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಮನಸ್ಸು ಬಿಚ್ಚಬೇಡಿ. ನಾನು ಹೇಳಿದ್ದನ್ನು ಎಲ್ಲಿ ಬರೀತೀರಿ, ಯಾರು ನೋಡ್ತಾರೆ, ಮನೆಯವರು ಫೋನ್ ಮಾಡಿದರೆ ಏನು ಹೇಳ್ತೀರಿ ಅಂತಲೂ ಮೊದಲೇ ಕೇಳಿ.

ಇನ್ನೊಂದು, ಚಿಕಿತ್ಸೆ ವಿಷಯದಲ್ಲಿ ನಿಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ನೀವೇ ಬಿಳಿ ಹಾಳೆ ಮೇಲೆ ಬರೆದು ಸಹಿ ಹಾಕಿಕೊಡಬಹುದು, ಅದೇ ಕಾಯ್ದೆಯ 14ನೇ ಕಲಂನಲ್ಲಿದೆ. ಈಗ ತಂಗಿ ಅಮ್ಮನ ಹೆಸರು ಬರೆದಿದ್ದಾಳೆ.

ಚಿಕಿತ್ಸೆ ತಗೊಂಡ ಮಾತ್ರಕ್ಕೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಯಾರೂ ತೀರ್ಮಾನ ಮಾಡೋಕಾಗಲ್ಲ, ಅದನ್ನು ಕೋರ್ಟೇ ಹೇಳಬೇಕು ಅಂತ ನಮ್ಮ ವಕೀಲರು ಧೈರ್ಯ ಹೇಳಿದ್ದಾರೆ. ಫೀಸು ಕೊಟ್ಟ ರಸೀದಿ ಇದ್ದದ್ದರಿಂದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಟ್ಟಿದ್ದೇವೆ. ಅದಕ್ಕೆ ಎರಡು ವರ್ಷದ ಗಡುವಿದೆ, ರಸೀದಿ, ಮೆಸೇಜು ಬಿಸಾಡಬೇಡಿ.

ಇದನ್ನೆಲ್ಲಾ ಓದಿ ಹೆದರಿ ಚಿಕಿತ್ಸೆಯನ್ನೇ ಬಿಡಬೇಡಿ, ಹೆರಿಗೆ ಆದ ಮೇಲಿನ ಖಿನ್ನತೆ ವಾಸಿಯಾಗುವಂಥದ್ದು. ತಂಗಿ ಈಗ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗ್ತಿದ್ದಾಳೆ, ನಿದ್ದೆ ಬರ್ತಿದೆ. ಮನೆಯಿಂದಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲ. ನಿಮಗೂ ಹೀಗೇ ಆಗಿದ್ದರೆ ಮೆಸೇಜ್ ಮಾಡಿ, ದೂರು ಬರೆಯೋಕೆ ನಾನು ಕೂತು ಸಹಾಯ ಮಾಡ್ತೀನಿ.